ಕರಿಯಪ್ಪಜ್ಜ ಕೂರಿಸಿದ ಕ್ಲಿಪ್ಪು

ಎಪ್ಪತ್ತರ ದಶಕದ ಆ ಬೇಸಿಗೆಗಳಲ್ಲಿ, ಹಿರಿಯೂರಿನ ಹೆದ್ದಾರಿ ಬದಿಯ ಮಕ್ಕಳಾದ ನಮಗೆ ಬಸ್ಸು ಲಾರಿಗಳೇ ಗಡಿಯಾರ. ಚಿತ್ರದುರ್ಗದ ಬಸ್ಸು ಹಾರನ್ ಹೊಡೆದರೆ ಅಂಬಲಿಯ ಹೊತ್ತು, ಹೊಸದುರ್ಗದ್ದು ಬಂದರೆ ಮುದ್ದೆಯ ಹೊತ್ತು. ಅಪ್ಪನ ಗ್ಯಾರೇಜು ಅಂದರೆ ನಾಲ್ಕು ಕಂಬ, ಮೇಲೊಂದು ತಗಡು, ಪಕ್ಕದಲ್ಲಿ ಹುಣಸೆಮರ. ಒಡೆದ ಬೇರಿಂಗಿನಿಂದ ಉದುರಿದ ಉಕ್ಕಿನ ಗುಂಡುಗಳೇ ನಮ್ಮ ಗೋಲಿ. ಗ್ರೀಸಿನ ಕೈಯಲ್ಲೇ ಹುಣಸೆ ಚಿಗುರು ಕಿತ್ತು ತಿನ್ನುತ್ತಿದ್ದೆವು. ಆ ಹುಳಿಯೊಳಗೆ ಸೀಮೆಎಣ್ಣೆಯ ವಾಸನೆ ಇರಲೇಬೇಕು, ಇಲ್ಲದಿದ್ದರೆ ಏನೋ ಕಮ್ಮಿ ಅನ್ನಿಸುತ್ತಿತ್ತು.

ಅಲ್ಲಿಯ ದೊಡ್ಡ ಮೇಸ್ತ್ರಿ ಕರಿಯಪ್ಪಜ್ಜ. ಬಾಗೂರಿನ ಕುರಿ ಸಾಕುವವರ ಮನೆಯವನು. ಅಣ್ಣತಮ್ಮಂದಿರು ಕುರಿಯ ಹಿಂದೆ ಹೋದರೆ ಇವನೊಬ್ಬ ಲಾರಿಯ ಹಿಂದೆ ಬಂದವನು. ಆ ವರ್ಷ ಅವನ ಕಣ್ಣಿಗೆ ಪೊರೆ ಬಂದಿತ್ತು. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಎದುರಿಗೇ ನಿಂತಿದ್ದ ನನ್ನನ್ನು ಒಂದು ದಿನ "ಯಾರದು, ಗೌರೀನಾ?" ಅಂದಿದ್ದ. ಆಮೇಲೆ ತಾನೇ ಮೆಲ್ಲಗೆ ಹೇಳಿದ.

"ನಿಮ್ಮಪ್ಪಂಗೆ ಹೇಳಬ್ಯಾಡ ಕಣವ್ವ. ಕಣ್ಣು ಹೋದ್ರೆ ಹೋಗ್ಲಿ, ಬೆರಳು ಅವೆ."

ನಿಜವಾಗಿ ಅವನ ಬೆರಳು ಹಾಗೇ ಇದ್ದವು. ನಟ್ಟನ್ನು ಸವರಿಯೇ ಅದಕ್ಕೆ ಯಾವ ಸ್ಪ್ಯಾನರ್ ಅಂತ ಹೇಳುತ್ತಿದ್ದ. ಆದರೂ ಒಂದೊಂದು ಕಡೆ ಕಣ್ಣೇ ಬೇಕಾಗುತ್ತಿತ್ತು. ಆಗ ನನ್ನನ್ನು ಕರೆಯುತ್ತಿದ್ದ. ನಾನು ನೋಡಿ ಹೇಳುತ್ತಿದ್ದೆ. ಹತ್ತು ವರ್ಷದ ನನಗೆ ಅದೊಂದು ದೊಡ್ಡಸ್ತಿಕೆ.

ಆ ಬೇಸಿಗೆಯಲ್ಲಿ ಹಳೇ ಮಿಲಿಟರಿ ಲಾರಿಯೊಂದು ಬಂತು. ಅದರ ಕಂಬಿ ಬ್ರೇಕು ತೆಗೆದು ಆಯಿಲ್ ಬ್ರೇಕು ಹಾಕಬೇಕಿತ್ತು. ಅದಕ್ಕೆ ಹಿಂದಿನ ಎರಡೂ ಚಕ್ರದ ಎಕ್ಸೆಲ್ಲುಗಳನ್ನು ಹೊರಗೆಳೆದಿದ್ದರು. ಬ್ರೇಕು ಕೂತ ಮೇಲೆ ಎಕ್ಸೆಲ್ಲು ಒಳಗೆ ತಳ್ಳಬೇಕು. ಅವೆರಡರ ಒಳತುದಿ ಲಾರಿಯ ಅಡಿಯಲ್ಲಿ, ನಡುವಿನ ಗೇರು ಪೆಟ್ಟಿಗೆಯಲ್ಲಿ ಸೇರುತ್ತದೆ. ಒಂದೊಂದು ತುದಿಯ ಸುತ್ತಲೂ ಕೊರೆದ ಒಂದು ಕಚ್ಚು, ಆ ಕಚ್ಚಿಗೆ ಕುದುರೆ ಲಾಳದಂಥ ಒಂದು ಸಣ್ಣ ಕ್ಲಿಪ್ಪು. ಅದು ಸರಿಯಾಗಿ ಕೂತರೆ ಚಕ್ರ ಲಾರಿಯಲ್ಲಿರುತ್ತದೆ. ಕೂರದಿದ್ದರೆ ಎಕ್ಸೆಲ್ಲಿನ ಸಮೇತ ಹೊರಗೆ ಬರುತ್ತದೆ. ಇದನ್ನು ಅಜ್ಜ ನನಗೆ ಹತ್ತು ಸಲ ಹೇಳಿದ್ದ.

ಅವತ್ತು ಮಧ್ಯಾಹ್ನದ ಬಸ್ಸಿಗೆ ನಾನೂ ಅಮ್ಮನೂ ಹೊಸದುರ್ಗಕ್ಕೆ, ಚಿಕ್ಕಮ್ಮನ ಮನೆಗೆ ಹೊರಟಿದ್ದೆವು. ಅಮ್ಮ ತಲೆಗೆ ಎರೆದು, ಹೊಸ ಲಂಗ ಉಡಿಸಿ, ಕೆಂಪು ಟೇಪು ಕಟ್ಟಿ ಎರಡು ಜಡೆ ಹಾಕಿದ್ದಳು. ಜಡೆ ತೋರಿಸೋಣ ಅಂತ ಗ್ಯಾರೇಜಿಗೆ ಓಡಿದೆ. ಅಜ್ಜ ಲಾರಿಯ ಅಡಿ ಮಲಗಿದ್ದ. ಕೈ ಚಾಚಿ ಜಡೆ ಸವರಿ ನಕ್ಕ.

"ಲೇ ಗೌರಿ, ಇದನ್ನ ಕಟ್ಟಿದ್ರೆ ಕೆಟ್ಟ ಲಾರೀನೇ ಎಳೀಬೋದಲ್ಲೇ! ಬಂದಿದ್ದು ಒಳ್ಳೇದಾತು. ಬಲಗಡೆ ಕ್ಲಿಪ್ಪು ಕುಂತೈತೆ. ಎಡಗಡೇದು ಯಾಕೋ ಬೆರಳಿಗೆ ಸೊಟ್ಟ ಅನ್ನಿಸ್ತೈತೆ. ಬ್ಯಾಟ್ರಿ ಬಿಟ್ಟು ನೋಡವ್ವ."

ನೋಡಬೇಕಾದರೆ ಅಂಗಾತ ಮಲಗಿ ತಲೆಯನ್ನು ಪೆಟ್ಟಿಗೆಯ ಕೆಳಗೆ ಒಡ್ಡಬೇಕು. ಗೇರೆಣ್ಣೆ ತೊಟ್ಟಿಕ್ಕುತ್ತಿತ್ತು. ಕೊಳೆತ ಮೊಟ್ಟೆಯಂಥ ಅದರ ನಾತ ತಲೆಗೆ ಹತ್ತಿದರೆ ಎರಡು ದಿನ ಬಿಡದು. ನಾನು ಲಂಗ ಮಡಚಿ ದೂರದಲ್ಲೇ ಕುಕ್ಕರಗಾಲಲ್ಲಿ ಕೂತೆ. ಬ್ಯಾಟರಿ ಬೆಳಕನ್ನು ಆ ಕಡೆ ಬಿಟ್ಟೆ. ಕಂಡದ್ದು ಅಜ್ಜನ ಮೊಣಕೈ ಮಾತ್ರ.

"ಕುಂತೈತೆ ಅಜ್ಜ."

"ಸರ್ಯಾಗಿ?"

"ಹ್ಞೂಂ, ಸರ್ಯಾಗಿ. ಬಸ್ಸು ಬತ್ತದೆ, ನಾನ್ ಹೋಗ್ತೀನಿ."

"ನೀನು ಹೇಳಿದ ಮ್ಯಾಲೆ ಮುಗೀತು ಬಿಡು" ಅಂದ ಅಜ್ಜ.

ಚಿಕ್ಕಮ್ಮನ ಮನೆಯಲ್ಲಿ ನಾಲ್ಕು ದಿನ ಹೋಳಿಗೆ ತಿಂದು, ಆಣೆಕಲ್ಲಾಡಿ ಬಂದೆ. ಬಂದಾಗ ಗ್ಯಾರೇಜಿನಲ್ಲಿ ಲಾರಿಯ ಡ್ರೈವರು ಹಣೆಗೆ ಪಟ್ಟಿ ಕಟ್ಟಿಕೊಂಡು ಕೂಗಾಡುತ್ತಿದ್ದ. ಹೊಳಲ್ಕೆರೆ ದಾರಿಯಲ್ಲಿ ಎಡಗಡೆ ಚಕ್ರ ಎಕ್ಸೆಲ್ಲಿನ ಸಮೇತ ಕಳಚಿ, ಲಾರಿ ಹೊಲಕ್ಕೆ ಮಗುಚಿತ್ತಂತೆ.

"ಕಣ್ಣು ಕಾಣ್ತೈತೋ ಇಲ್ಲೋ ಅನ್ನೋ ಮುದುಕನ ಕೈಲಿ ಬ್ರೇಕು ಮಾಡಿಸ್ತೀರಲ್ರೀ! ನಮ್ಮ ಜೀವ ಏನ್ ಬಿಟ್ಟಿ ಬಂದೈತೇನ್ರೀ?"

ಅಪ್ಪ ಅಜ್ಜನ ಮುಖದ ಮುಂದೆ ಎರಡು ಬೆರಳು ಹಿಡಿದು "ಎಷ್ಟು ಹೇಳು" ಅಂದ. ಅಜ್ಜ ಹೇಳಲಿಲ್ಲ. ನನ್ನ ಹೆಸರನ್ನೂ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಹುಣಸೆಮರದ ಕೆಳಗೆ ನನ್ನನ್ನು ಕರೆದ. ಗದರಿಸಲು ಅಲ್ಲ. ಅವನಿಗೆ ನಿಜ ತಿಳಿಯಬೇಕಿತ್ತು, ಅಷ್ಟೇ.

"ಅವ್ವ, ಅವತ್ತು ನೀನು ನೋಡಿದ್ದೆ ಅಲ್ವೇನೇ?"

ಹೇಳುವುದಕ್ಕೆ ಅದಕ್ಕಿಂತ ಸುಲಭದ ಹೊತ್ತು ಇನ್ನೊಂದಿರಲಿಲ್ಲ. ನಾನು "ನೋಡಿದ್ದೆ ಅಜ್ಜ" ಅಂದೆ.

ಅವನು ಹೆಬ್ಬೆರಳಿನಿಂದ ಉಳಿದ ಬೆರಳುಗಳ ತುದಿಯನ್ನು ಉಜ್ಜಿಕೊಂಡ. "ಹಂಗಾರೆ ಆಮ್ಯಾಲೆ ಪೆಟ್ಟಿಗೆ ನಡುವಿನ ಪಿನ್ನು ಹಾಕುವಾಗ ನನ್ನ ಕೈಯೇ ಅದನ್ನ ಕಳಚೈತೆ. ಕಳಚಿದ್ದೂ ಗೊತ್ತಾಗ್ಲಿಲ್ಲ ನೋಡು. ಇವೂ ಹೋದ್ವು" ಅಂದ. ಮಾರನೇ ದಿನ ಬಾಗೂರಿಗೆ ಹೊರಟುಹೋದ. ಅಪ್ಪ ತಡೆಯಲಿಲ್ಲ.

ಮುಂದಿನ ವರ್ಷ ಅಪ್ಪನ ಜೊತೆ ಹಾಲುರಾಮೇಶ್ವರದ ಗುಡಿಗೆ ಹೋಗಿದ್ದಾಗ ಬಾಗೂರಿನಲ್ಲಿಳಿದೆವು. ಅಜ್ಜ ತಮ್ಮನ ಮನೆಯ ಜಗಲಿಯಲ್ಲಿ ಕೂತು ಕುರಿ ಉಣ್ಣೆ ನೂಲುತ್ತಿದ್ದ. ನನ್ನ ದನಿ ಕೇಳಿ ಅವನ ಮುಖ ಅರಳಿತು.

"ಬಾರವ್ವ, ಕುಂತ್ಕ. ಈ ಎಳೆ ಒಂಚೂರು ನೋಡು. ಗಂಟು ಗಿಂಟು ಬಿದ್ದೈತೇನೋ."

ಎಳೆ ಹರಿಯುತ್ತಿದ್ದದ್ದು ಅವನ ಬೆರಳುಗಳ ನಡುವೆಯೇ. ಗೇಣು ಗೇಣಾಗಿ ನೋಡಿದೆ. ಒಂದೂ ಗಂಟಿರಲಿಲ್ಲ. ಇಲ್ಲ ಅಂದೆ. ಅವನು ನೆಮ್ಮದಿಯಿಂದ ಮತ್ತೆ ಕದಿರು ತಿರುಗಿಸಿದ. ಬಾಯಿಗೆ ಬಂದ ಇನ್ನೊಂದು ಮಾತನ್ನು, ಅಪ್ಪ ಪಕ್ಕದಲ್ಲಿದ್ದಾನೆ ಅಂತ ನುಂಗಿಕೊಂಡೆ.

ಈಗ ಗ್ಯಾರೇಜಿಲ್ಲ, ಹುಣಸೆಮರ ರಸ್ತೆ ಅಗಲ ಮಾಡುವಾಗ ಹೋಯಿತು, ಅಪ್ಪನೂ ಅಜ್ಜನೂ ಇಲ್ಲ. ಹೋದದ್ದಕ್ಕೆಲ್ಲ ಅಳುವ ವಯಸ್ಸೂ ನನ್ನದಲ್ಲ. ಆದರೆ ಅಕ್ಕಿ ಆರಿಸುವಾಗ, ಸೂಜಿಗೆ ದಾರ ಪೋಣಿಸುವಾಗ, ನನ್ನ ಕಣ್ಣೂ ಮಂಜಾಗಿ ಬೆರಳನ್ನೇ ನಂಬುವ ಈ ದಿನಗಳಲ್ಲಿ, ಆ ಮಾತು ಈಗಲೂ ನಾಲಿಗೆಯ ಮೇಲೇ ಉಳಿದಿದೆ: ಅಜ್ಜ, ನಾನು ನೋಡಿರಲಿಲ್ಲ. ನಿನ್ನ ಬೆರಳು ಹೇಳಿದ್ದೇ ಸರಿ.