ಕೀಲಿಕೈ ಗೊಂಚಲು ಬಿಟ್ಟ ವರ್ಷ

ನಮ್ಮ ಓಣಿಯಲ್ಲಿ ಯಾರಿಗೆ ಫಿಟ್ಸ್ ಬಂದರೂ ಮೊದಲು ನನ್ನನ್ನು ಕರೆಯುತ್ತಿದ್ದರು. ನಾನೇನು ವೈದ್ಯೆಯಲ್ಲ, ಓದಿದ್ದು ಮೂರನೆಯ ಇಯತ್ತೆ. ಆದರೆ ನನ್ನ ಸೊಂಟದಲ್ಲಿ ಕಬ್ಬಿಣದ ಕೀಲಿಕೈಗಳ ದೊಡ್ಡ ಗೊಂಚಲು ಇರುತ್ತಿತ್ತು. ಮುಷ್ಟಿಯಲ್ಲಿ ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆ ಎಂದು ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ಗೊಂಚಲು ಹಿಡಿಸುತ್ತಿದ್ದೆ, ಹಲ್ಲಿನ ನಡುವೆ ಚಮಚ ತುರುಕುತ್ತಿದ್ದೆ. ಸ್ವಲ್ಪ ಹೊತ್ತಿಗೆ ಫಿಟ್ಸ್ ತಾನಾಗಿಯೇ ನಿಲ್ಲುತ್ತಿತ್ತು, ಹೆಸರು ನನಗೆ ಬರುತ್ತಿತ್ತು. ಒಬ್ಬ ಮುದುಕನ ಮುಂದಿನ ಹಲ್ಲನ್ನೂ ಮುರಿದಿದ್ದೇನೆ. ಎಚ್ಚರವಾದ ಮೇಲೆ ಆತ ನನಗೇ ಕೈಮುಗಿದ.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕೆಲಗೇರಿಗೆ ಒಬ್ಬ ಲೇಡಿ ಡಾಕ್ಟರ್ ಬಂದರು, ನಾವು ಡಾಕ್ಟರ್ ಬಾಯಿ ಎನ್ನುತ್ತಿದ್ದೆವು. ಅವರದು ಸಂಶೋಧನೆ. ಫಿಟ್ಸ್ ಬಹಳ ಹೊತ್ತು ನಿಲ್ಲದಿದ್ದರೆ, ಬಿದ್ದು ಬಿದ್ದು ತಲೆಗೆ ಪೆಟ್ಟಾದರೆ ಮಿದುಳು ಎಷ್ಟು ಕೆಡುತ್ತದೆ? ನಮ್ಮಂಥ ಹೆಂಗಸರು ಅಂಥವರನ್ನು ಹುಡುಕಿ, ಗುಳಿಗೆ ತಪ್ಪದಂತೆ ನೋಡಿಕೊಂಡರೆ ಅದು ಕಡಿಮೆಯಾದೀತೆ? ಇದು ಅವರ ಪ್ರಶ್ನೆ. ಈ ಕೆಲಸಕ್ಕೆ ಯಾರು ಬಂದಾರು ಎಂದು ಕೇಳಿದಾಗ ಓಣಿಯವರು ನನ್ನನ್ನೇ ತೋರಿಸಿದರು.

ತರಬೇತಿಯ ಮೊದಲ ದಿನವೇ ಅವರು, "ಕೀಲಿಕೈ ಕೊಡಬ್ಯಾಡ್ರಿ, ಬಾಯಾಗ ಏನೂ ಹಾಕಬ್ಯಾಡ್ರಿ. ಒಂದು ಮಗ್ಗಲಕ್ಕ ಹೊರಳಿಸಿ ಗಡಿಯಾರ ನೋಡ್ರಿ. ಐದು ನಿಮಿಷ ದಾಟಿದ್ರ ದವಾಖಾನಿಗೆ ಒಯ್ಯಿರಿ," ಎಂದರು.

"ಇಪ್ಪತ್ತು ವರ್ಷ ಕೊಟ್ಟೇನ್ರಿ, ಯಾರೂ ಸತ್ತಿಲ್ಲ," ಎಂದೆ.

"ಕೀಲಿಕೈ ಸಿಗದವರೂ ಸತ್ತಿಲ್ಲಲ್ರೀ ಆಯಿ," ಎಂದು ನಕ್ಕರು. ನನಗೆ ಸಿಟ್ಟು ಬಂತು. ಮಾತು ಮಾತ್ರ ಖರೆ ಇತ್ತು.

ಫಾರ್ಮು ಓದಲು ನನಗೆ ತಡವರಿಕೆ. ಪಕ್ಕದ ಮನೆಯ ಹುಡುಗಿ, ಎಸ್ಸೆಸ್ಸೆಲ್ಸಿ ಪಾಸಾದವಳು, ಜೊತೆಗೆ ಬಂದಳು. ನಾನು ಕೇಳುವುದು, ಅವಳು ಬರೆಯುವುದು. "ಮನ್ಯಾಗ ಯಾರಿಗರ ಫಿಟ್ಸ್ ಐತೇನ್ರಿ?" ಎಂದರೆ ಎಲ್ಲ ಕಡೆ "ಶಿವಶಿವಾ, ಇಲ್ಲ." ನನ್ನ ಗೊಂಚಲು ಹೋಗಿ ಬಂದ ಮನೆಗಳಲ್ಲೂ ಅದೇ ಉತ್ತರ. ಕಡೆಗೆ ಪ್ರಶ್ನೆಯನ್ನೇ ಬದಲಿಸಿದೆ. "ಕೆರೀಗೆ ಅರಿವಿ ಒಗಿಯಾಕ ಯಾರನ್ನ ಒಬ್ಬರನ್ನ ಕಳಸಂಗಿಲ್ಲ? ಒಲಿ ಮುಂದ ಯಾರನ್ನ ಕೂಡ್ರಸಂಗಿಲ್ಲ?" ಆಗ ಹೆಸರುಗಳು ಹೊರಬಿದ್ದವು.

ಫಾರ್ಮು ಬರೆಯುವ ಆ ಹುಡುಗಿಯ ಮನೆಗೂ ಹೋದೆವು. ಅವಳಿಗೇ ಫಿಟ್ಸ್ ಇತ್ತು. ಎರಡು ಸಲ ಅವಳ ಮುಷ್ಟಿಗೆ ಗೊಂಚಲು ಹಿಡಿಸಿದವಳು ನಾನೇ. ಅವಳ ತಾಯಿ ಬಾಗಿಲಲ್ಲೇ ನಿಂತು, "ನಮ್ಮಲ್ಲೆ ಯಾರಿಗೂ ಇಲ್ಲ, ಬರಕೋ," ಎಂದು ಮಗಳಿಗೆ ಹೇಳಿದಳು. ಹುಬ್ಬಳ್ಳಿ ಕಮರಿಪೇಟೆಯಿಂದ ಹುಡುಗಿಗೊಂದು ಸಂಬಂಧ ಬಂದಿತ್ತು. ಹುಡುಗಿ ತಲೆ ಎತ್ತದೆ "ಇಲ್ಲ" ಎಂದು ಬರೆದಳು. ಕೆರೆಯ ಪ್ರಶ್ನೆಯನ್ನು ನಾನು ಆ ಮನೆಯಲ್ಲಿ ಕೇಳಲಿಲ್ಲ. ನೆರೆಮನೆಯ ಮುಲಾಜು. ಅದು ನನ್ನ ತಪ್ಪು.

ಮುಂದಿನ ವಾರಗಳಲ್ಲಿ ಅವಳು ಒಂದೇ ಮನೆಯ ಫಾರ್ಮನ್ನು ಎರಡು ಸಲ ಬರೆದಳು. ಒಂದು ಮನೆಯಿಂದ ಹೊರಬಂದು ಅದರ ಕಟ್ಟೆಯ ಮೇಲೇ ನಿಂತು, "ಆಯಿ, ಈ ಮನಿ ಆತೇನು?" ಎಂದು ಕೇಳಿದಳು. ಹಣೆಯ ಮೇಲೆ ಹೊಸ ಗಾಯವಿತ್ತು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದಳು ತಾಯಿ. ನಾನು ನಂಬಿದವಳಂತೆ ಇದ್ದೆ.

ಒಂದು ಮಧ್ಯಾಹ್ನ ಆ ತಾಯಿ ಓಡಿ ಬಂದಳು. "ಅಕ್ಕಾರ, ಲಗೂ ಬರ್ರಿ, ಕೀಲಿಕೈ ತರ್ರಿ!"

ಗೊಂಚಲನ್ನು ಗೋಡೆಯ ಮಾಡದಲ್ಲಿಟ್ಟು ಬರಿಗೈಯಲ್ಲಿ ಹೋದೆ. ಹುಡುಗಿ ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದಳು. ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಸೆರಗು ಮಡಿಸಿಟ್ಟು, ಗೋಡೆಯ ಗಡಿಯಾರ ನೋಡುತ್ತ ಕುಳಿತೆ.

"ಗಡಿಯಾರ ಏನ್ ನೋಡ್ತೀರಿ? ಕೀಲಿಕೈ ಎಲ್ಲೈತ್ರಿ?"

"ಕೀಲಿಕೈದಾಗ ಏನೂ ಇಲ್ಲ. ಸುಮ್ನಿರು."

ಐದು ನಿಮಿಷ ದಾಟಿತು, ಫಿಟ್ಸ್ ನಿಲ್ಲಲಿಲ್ಲ. "ಆಟೋ ಕರಿ," ಎಂದೆ.

"ಓಣಿ ಮಂದಿ ನೋಡ್ತಾರ್ರಿ. ಬೀಗರಿಗೆ ಸುದ್ದಿ ಮುಟ್ಟಿದ್ರ?"

"ಮುಟ್ಟಲಿ. ಮದುವಿ ಮಾಡಾಕ ಮಗಳು ಇರಬೇಕೋ ಬ್ಯಾಡೋ?"

ಆಟೋ ಬಂತು, ಓಣಿಯ ಮಂದಿ ನೋಡಿದರು. ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಫಿಟ್ಸ್ ನಿಂತಿತು. ಹೋದ ನೆನಪು ಪೂರ್ತಿ ಬರುತ್ತದೆಂದು ಹೇಳಲಾರೆ, ಗುಳಿಗೆ ತಪ್ಪಿಸದಿದ್ದರೆ ಇನ್ನಷ್ಟು ಹೋಗುವುದನ್ನು ತಡೆಯಬಹುದು ಎಂದರು ಡಾಕ್ಟರ್ ಬಾಯಿ. ಕಮರಿಪೇಟೆಯ ಸಂಬಂಧ ಮುರಿಯಿತು. ತಾಯಿ ನನ್ನೊಡನೆ ಮಾತು ಬಿಟ್ಟಳು. ಗುಳಿಗೆಯನ್ನು ಮಾತ್ರ ಎರಡು ಹೊತ್ತೂ ತಾನೇ ಕೊಡುತ್ತಿದ್ದಳು. ನನಗೆ ಅಷ್ಟು ಸಾಕಿತ್ತು.

ಎಂಟು ದಿನಕ್ಕೆ ಹುಡುಗಿ ನಮ್ಮ ಮನೆಗೆ ಬಂದಳು. ಎಲ್ಲ ಮನೆ ಮುಗಿಯುವವರೆಗೆ ಫಾರ್ಮುಗಳು ನನ್ನ ಟ್ರಂಕಿನಲ್ಲೇ ಇರುತ್ತಿದ್ದವು. "ಆಯಿ, ನಮ್ಮ ಮನೀದು ಕೊಡ್ರಿ," ಎಂದಳು. ಕೊಟ್ಟೆ. "ಇಲ್ಲ" ಎಂಬುದಕ್ಕೆ ಗೀಟು ಹೊಡೆದು ಪಕ್ಕದಲ್ಲಿ "ಇದೆ" ಎಂದು ಬರೆದಳು. ಕೆಳಗೆ ತನ್ನ ಹೆಸರು ಬರೆದಳು. ವಯಸ್ಸಿನ ಜಾಗಕ್ಕೆ ಬಂದು ಪೆನ್ನು ನಿಂತಿತು.

"ಆಯಿ, ನನಗ ಎಷ್ಟು ವರ್ಷರಿ?"

"ಹತ್ತೊಂಬತ್ತು. ಬರಿ," ಎಂದೆ.

ಬರೆದಳು.