ಚಿತ್ರದ ಹುಡುಗನ ಮೇಲೆ ಹೊಟ್ಟೆಕಿಚ್ಚು

ನಿನ್ನೆ ಸಟನ್‌ನಲ್ಲಿ, ಜನ ದಾನ ಕೊಟ್ಟ ಹಳೆಯ ಸಾಮಾನು ಮಾರುವ ಚಾರಿಟಿ ಶಾಪಿನಲ್ಲಿ ಹಳೆಯ ಪುಸ್ತಕವೊಂದನ್ನು ತೆರೆದೆ. ಮುಗ್ಗಲು ಕಾಗದದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಕ್ಕಂದಿನ ಹೊಟ್ಟೆಕಿಚ್ಚು ಮತ್ತೆ ಹೊತ್ತಿಕೊಂಡಿತು.

ನಮ್ಮ ಮನೆಯಲ್ಲೂ ಅದೇ ಪುಸ್ತಕವಿತ್ತು. ಕಡಲ್ಗಳ್ಳರ ಕಥೆ, ಅಮ್ಮನ ತಾತನ ಕಾಲದ್ದು. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಈ ದೇಶಕ್ಕೆ ಬಂದಿತ್ತು. ಬಣ್ಣದ ಚಿತ್ರಗಳ ಮೇಲೆ ಈರುಳ್ಳಿ ಸಿಪ್ಪೆಯಂಥ ತೆಳು ಕಾಗದ. ಅದನ್ನು ಎತ್ತುವ ಹಕ್ಕು ಅಮ್ಮನಿಗೆ ಮಾತ್ರ. ಕತ್ತಿ ಹಿಡಿದ ಕಳ್ಳರನ್ನೆಲ್ಲ ಸರಸರನೆ ದಾಟಿ ಅವಳು ಒಂದೇ ಚಿತ್ರದ ಮುಂದೆ ನಿಂತುಬಿಡುತ್ತಿದ್ದಳು. ಹುಡುಗನೊಬ್ಬ ದೋಣಿಯಲ್ಲಿ ಹಡಗಿನತ್ತ ಹೋಗುತ್ತಿದ್ದಾನೆ, ದಡದಲ್ಲಿ ಅವನ ತಾಯಿ ಮುಖ ಮುಚ್ಚಿಕೊಂಡು ಅಳುತ್ತಿದ್ದಾಳೆ. ಅದನ್ನು ನೋಡುತ್ತ ಅಮ್ಮನ ಕಣ್ಣೂ ತುಂಬುತ್ತಿತ್ತು.

ನನಗೆ ಮೈಯೆಲ್ಲ ಉರಿ. ಅಮ್ಮ ಆಸ್ಪತ್ರೆಯಲ್ಲಿ ಡಾಕ್ಟರ್. ದಿನಾ ಬೆಳಿಗ್ಗೆ ನನ್ನನ್ನು, ಮಕ್ಕಳನ್ನು ನೋಡಿಕೊಳ್ಳುವ ಚೈಲ್ಡ್‌ಮೈಂಡರ್ ಮನೆಯ ಬಾಗಿಲಲ್ಲಿ ಬಿಟ್ಟು, ತಿರುಗಿಯೂ ನೋಡದೆ ಸ್ಟೇಷನ್ನಿಗೆ ಓಡುತ್ತಿದ್ದಳು. ನನಗಿಲ್ಲದ ಕಣ್ಣೀರು ಈ ಬಣ್ಣದ ಹುಡುಗನಿಗೆ! ಅವನ ದೋಣಿ ಮುಳುಗಿಹೋಗಲಿ ಎಂದು ಶಾಪ ಹಾಕುತ್ತಿದ್ದೆ.

ಪುಸ್ತಕ ಕೊಂಡು ನೇರ ಅಮ್ಮನ ಮನೆಗೆ ಹೋದೆ. ಆ ಪುಟ ತೆರೆದು ಕೇಳಿಯೇಬಿಟ್ಟೆ: “ಇವನಿಗೋಸ್ಕರ ಅಷ್ಟೊಂದು ಅಳ್ತಿದ್ದೆಯಲ್ಲ, ಯಾಕಮ್ಮ?”

ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು.

“ಇವನಿಗೋಸ್ಕರ ಯಾರೇ ಅಳ್ತಿದ್ರು? ಇವನಮ್ಮನ್ನ ನೋಡಿ ನಂಗೆ ಹೊಟ್ಟೆ ಉರೀತಿತ್ತು. ನಿಂತ್ಕೊಂಡು ಅಳೋಕೆ ಅವಳಿಗೆ ಪುರುಸೊತ್ತಿತ್ತಲ್ಲ! ನಾನು ಹಾಗೆ ನಿಂತ್ರೆ ರೈಲು ತಪ್ಪಿಹೋಗ್ತಿತ್ತು ಕಣೇ.”