ಏಷ್ಯಾದ ಉದಯ ಮತ್ತು ಒಂದು ಬುಟ್ಟಿ ಮನುಕ

ಮುದ್ದೇಬಿಹಾಳದ ಒಂದು ಪದವಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಇಪ್ಪತ್ತು ವರ್ಷದಿಂದ ಬಸವನ ಬಾಗೇವಾಡಿಯಿಂದ ಬಸ್ಸಿನಲ್ಲಿ ಹೋಗಿ ಬರುವ ನಾನು, ಒಂದು ಸೀಟಿಗಿಂತ ದೊಡ್ಡ ಭೂಪ್ರದೇಶಕ್ಕಾಗಿ ಯಾರೊಂದಿಗೂ ಹೋರಾಡಿದವಳಲ್ಲ. ಅಂಥವಳ ಹೆಗಲಿಗೆ ಕೆಲವು ವರ್ಷಗಳ ಹಿಂದೆ ಇಡೀ ಏಷ್ಯಾ ಖಂಡದ ಭದ್ರತೆ ಬಂದು ಬಿತ್ತು.

ಆದದ್ದು ಇಷ್ಟು. ಕಾಲೇಜುಗಳಿಗೆ ದರ್ಜೆ ಕೊಡುವ ತಂಡವೊಂದು ನಮ್ಮಲ್ಲಿಗೆ ಬರುವುದಿತ್ತು. ಅವರು ಬರುವುದರೊಳಗೆ ನಾವು ಒಂದಾದರೂ ರಾಷ್ಟ್ರೀಯ ವಿಚಾರ ಸಂಕಿರಣ ಮಾಡಿ ಮುಗಿಸಬೇಕಿತ್ತು. ಪ್ರಾಂಶುಪಾಲರು ನನ್ನನ್ನು ಕರೆಸಿ, "ಮೇಡಮ್, ವಿಷಯ ದೊಡ್ಡದು ಇರ್ಲಿ. ಸಣ್ಣ ವಿಷಯಕ್ಕ ಯಾರೂ ಮಾರ್ಕ್ಸ್ ಕೊಡಂಗಿಲ್ಲ," ಎಂದರು. ನಾನು 'ನಮ್ಮ ತಾಲೂಕಿನ ಪಂಚಾಯತಿಗಳಲ್ಲಿ ಮಹಿಳೆಯರು' ಎಂದು ಒಂದು ಚೀಟಿ ಬರೆದುಕೊಂಡು ಹೋಗಿದ್ದೆ. ಅವರು ಅದನ್ನು ಚಹಾದ ಬಸಿಯ ಕೆಳಗೆ ಇಟ್ಟರು. ಅದು ಅಲ್ಲೇ ಒದ್ದೆಯಾಯಿತು. ಕೊನೆಗೆ ನಿಶ್ಚಯವಾದ ವಿಷಯ: 'ಉದಯಿಸುತ್ತಿರುವ ಏಷ್ಯಾದ ಶಕ್ತಿಗಳು: ಪ್ರಾದೇಶಿಕ ಭದ್ರತೆ, ಜನಸಂಖ್ಯೆ ಮತ್ತು ಆರ್ಥಿಕ ಬೆಳವಣಿಗೆ'. ಬ್ಯಾನರಿನವನು "ಇಷ್ಟೆಲ್ಲಾ ಹಿಡ್ಯಾಂಗಿಲ್ರಿ" ಎಂದ. ಭದ್ರತೆಯ ಅಕ್ಷರಗಳನ್ನು ಸಣ್ಣದು ಮಾಡಿಸಿ ಹಿಡಿಸಿದೆವು.

ರಾಷ್ಟ್ರೀಯ ಎನ್ನಿಸಿಕೊಳ್ಳಬೇಕಾದರೆ ಹೊರರಾಜ್ಯದ ಒಬ್ಬರಾದರೂ ವೇದಿಕೆ ಮೇಲೆ ಇರಬೇಕು. ಅದಕ್ಕೆ ನಮ್ಮ ಇತಿಹಾಸದ ಮೇಷ್ಟ್ರ ಸೋಲಾಪುರದ ಭಾವ ಸಿಕ್ಕರು. ಅವರು ಮನೆಯಲ್ಲಿ ನಮಗಿಂತ ಒಳ್ಳೆಯ ಕನ್ನಡ ಮಾತಾಡುವವರು. ಆದರೂ ದಯವಿಟ್ಟು ವೇದಿಕೆಯ ಮೇಲೆ ಮರಾಠಿಯಲ್ಲೇ ಮಾತಾಡಬೇಕೆಂದು ಅವರಿಗೆ ಕೈಮುಗಿದು ಹೇಳಿದೆವು. ಭೀಮಾ ನದಿ ದಾಟಿ ಬಂದ ಒಬ್ಬ ಭಾವನಿಂದ ನಮ್ಮ ಕಾಲೇಜು ರಾಷ್ಟ್ರಮಟ್ಟಕ್ಕೇರಿತು.

ಮುಖ್ಯ ಭಾಷಣಕ್ಕೆ ಮಾತ್ರ ನಮ್ಮದೇ ರಾಜ್ಯದ ರಾಜಧಾನಿಯಿಂದ ನಿಜವಾದ ತಜ್ಞರೊಬ್ಬರನ್ನು ಕರೆಸಿದ್ದೆವು. ಟೀವಿಯಲ್ಲಿ ನಕಾಶೆಯ ಮುಂದೆ ನಿಂತು, ಯಾವ ದೇಶ ಯಾವ ದೇಶದ ಮೇಲೆ ಯಾವಾಗ ಕಣ್ಣು ಹಾಕುತ್ತದೆ ಎಂದು ಹೇಳುವವರು. ಬೆಳಗಿನ ರೈಲಿಗೆ ವಿಜಯಪುರಕ್ಕೆ ಬಂದ ಅವರನ್ನು ಕರೆತರಲು ಬಾಡಿಗೆ ಕಾರಿನಲ್ಲಿ ನಾನೇ ಹೋದೆ.

ಮನಗೂಳಿ ಹತ್ತಿರ ರಸ್ತೆಯ ಅಂಚಿಗೆ ಹತ್ತಿಪ್ಪತ್ತು ಹುಡುಗರು ಓಡುತ್ತಿದ್ದರು. ಸೈನ್ಯದ ಭರ್ತಿಗೆ ತಯಾರಿ ನಡೆಸುವವರು. ನಮ್ಮ ಕಡೆ ಯಾವ ರಸ್ತೆಯಲ್ಲೂ ಬೆಳಿಗ್ಗೆ ಕಾಣುವ ದೃಶ್ಯ. ತಜ್ಞರು ಕಾರು ನಿಲ್ಲಿಸಲು ಹೇಳಿ ಫೋನು ಹೊರಗೆ ಹಿಡಿದರು.

"ನೋಡಿದಿರಾ ಮೇಡಂ? ಇದೇ ಡೆಮೊಗ್ರಾಫಿಕ್ ಡಿವಿಡೆಂಡ್. ಜನಸಂಖ್ಯೆಯ ಲಾಭಾಂಶ! ಪಕ್ಕದ ದೇಶ ಮುದಿಯಾಗ್ತಿದೆ, ನಾವು ಓಡ್ತಿದ್ದೇವೆ."

ಕಾರು ನಿಂತದ್ದು ನೋಡಿ ಲಾಭಾಂಶದಲ್ಲಿ ಒಬ್ಬ ಏದುಸಿರು ಬಿಡುತ್ತ ಕಿಟಕಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕಪ್ಪು ಕನ್ನಡಕ ನೋಡಿ ಯಾರೋ ಅಧಿಕಾರಿ ಇರಬೇಕೆಂದುಕೊಂಡಿದ್ದ. "ಸರ, ಈ ಸಲ ಭರ್ತಿ ಯಾವಾಗ ಐತ್ರಿ? ನಂಗ ಇನ್ನ ನಾಕು ತಿಂಗಳಿಗಿ ವಯಸ್ಸು ಮುಗೀತೈತಿ."

ತಜ್ಞರು "ಶುಭವಾಗಲಿ" ಎಂದು ಗಾಜು ಏರಿಸಿದರು.

ಇನ್ನು ನನ್ನ ವಿದ್ಯಾರ್ಥಿನಿಯೊಬ್ಬಳ ಮಾತು. ಕೊನೆಯ ವರ್ಷದ ಬಿ.ಎ. ಓದುತ್ತಿದ್ದಳು. ಊರು ಇಂಡಿ ತಾಲೂಕಿನ ಅಗರಖೇಡದ ಕಡೆ. ಕುರಿ ಕಾಯುವ ಮನೆತನ. ಚಿಕ್ಕಮ್ಮನ ಮನೆ ಮುದ್ದೇಬಿಹಾಳದಲ್ಲಿ ಇದ್ದುದರಿಂದ ಇಲ್ಲಿ ಓದಲು ಬಂದಿದ್ದಳು. ಸೂಟಿಯಲ್ಲಿ ಊರಿಗೆ ಹೋದಾಗ ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ಮನುಕ, ಅಂದರೆ ಒಣದ್ರಾಕ್ಷಿ, ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ತರಗತಿಯಲ್ಲಿ ಪ್ರಶ್ನೆ ಕೇಳುವವಳು ಅವಳೊಬ್ಬಳೇ. ಉತ್ತರ ಬಾರದಿದ್ದಾಗ ನಾನು "ಅದು ಸಿಲೆಬಸ್ಸಿನಲ್ಲಿಲ್ಲ" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಸಂಕಿರಣದ ದಿನ ಅತಿಥಿಗಳ ಸತ್ಕಾರದ ಬುಟ್ಟಿ ಜೋಡಿಸುವ ಕೆಲಸ ಅವಳಿಗೇ ಕೊಟ್ಟಿದ್ದೆ. ಇಂಡಿಯ ಲಿಂಬೆ, ಸೇಂಗಾ ಹೋಳಿಗೆ, ಪ್ರಾಂಶುಪಾಲರು ಪೇಟೆಯಿಂದ ತರಿಸಿದ ಮನುಕ.

ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇರುವಾಗ ನನ್ನನ್ನು ಬದಿಗೆ ಕರೆದಳು.

"ಮೇಡಮ್, ಈ ಮನುಕ ನಮ್ಮದಲ್ರಿ."

"ಅಂದರೆ?"

"ನಮ್ಮ ಮನುಕದ ತುದ್ಯಾಗ ಕಡ್ಡಿ ಮುರದ ಗುರ್ತು ಇರ್ತೈತಿ. ಕಾಳು ಒಂದರಂಗ ಒಂದು ಇರಂಗಿಲ್ಲ. ಇದು ಅಚ್ಚಿನ್ಯಾಗ ಹಾಕಿ ತಗದಂಗ ಐತಿ ನೋಡ್ರಿ. ಇದು ಚೀನಾ ಮಾಲು. ನಮ್ಮ ಶೆಡ್ಡಿನ್ಯಾಗೂ ತಂದು ನಮ್ಮದರಾಗ ಕೂಡಸ್ತಾರ. ಹೋದ ವರ್ಷ ಇದರ ಸಲುವಾಗಿ ರೇಟ ಬಿದ್ದು ನಮಗ ಕೆಲಸಕ್ಕ ಬರಬ್ಯಾಡ್ರಿ ಅಂದ್ರು."

ನಾನೊಂದು ಕಾಳು ಬಾಯಿಗೆ ಹಾಕಿಕೊಂಡೆ. ಸಿಹಿಯಾಗಿಯೇ ಇತ್ತು. ಶತ್ರುದೇಶದ ರುಚಿ ಅಂತೇನೂ ಗೊತ್ತಾಗಲಿಲ್ಲ. "ಈಗ ಬದಲಿಸೋಕೆ ಹೊತ್ತಿಲ್ಲ, ಸುಮ್ಮನಿರು," ಎಂದೆ. ಅವಳು ಸುಮ್ಮನಾದಳು. ಅವಳು ಸುಮ್ಮನಾದಾಗ ನಾನು ಹೆದರಬೇಕಿತ್ತು.

ಸಭಾಂಗಣ ತುಂಬಿತ್ತು. ನಮ್ಮ ವಿದ್ಯಾರ್ಥಿಗಳು ಸಾಲದೆ, ಪಕ್ಕದ ನರ್ಸಿಂಗ್ ಕಾಲೇಜಿನಿಂದ ಬಿಳಿ ಸಮವಸ್ತ್ರದವರನ್ನೂ ತಂದು ಕೂರಿಸಿದ್ದೆವು. ಹಿಂದಿನಿಂದ ನೋಡಿದರೆ ಏಷ್ಯಾಕ್ಕೆ ಏನೋ ಗಂಭೀರ ಕಾಯಿಲೆ ಬಂದಂತಿತ್ತು. ಸೋಲಾಪುರದ ಭಾವ ಮರಾಠಿಯಲ್ಲಿ ಐದು ನಿಮಿಷ ಮಾತಾಡಿ, ಮರೆತು "ಎಲ್ಲಾರಿಗೂ ಶರಣು" ಎಂದು ಮುಗಿಸಿದರು.

ಆಮೇಲೆ ತಜ್ಞರು. ಪರದೆಯ ಮೇಲೆ ಏಷ್ಯಾದ ನಕಾಶೆ, ಅದರ ಮೇಲೆ ಕೆಂಪು ಬಾಣಗಳು. ಬಾಣಗಳೆಲ್ಲ ನಮ್ಮ ಕಡೆಗೇ ತಿರುಗಿದ್ದವು. ಸಮುದ್ರದ ಬಂದರು, ಗಡಿಯ ರಸ್ತೆ, ಕಾರ್ಖಾನೆ ಎಲ್ಲದರ ಮೇಲೂ ಒಮ್ಮೆ ಕೈಯಾಡಿಸಿದರು. ಮಾತಿನ ನಡುವೆ ಮುಂದಿನ ಸಾಲಿನತ್ತ ಬೆರಳು ಮಾಡಿ, "ನಾನಿಲ್ಲಿ ವಿದ್ಯಾರ್ಥಿಗಳನ್ನು ನೋಡುತ್ತಿಲ್ಲ. ಶಕ್ತಿಯನ್ನು ನೋಡುತ್ತಿದ್ದೇನೆ," ಎಂದರು. ಶಕ್ತಿಯಲ್ಲಿ ಮೂವರು ಮಲಗಿದ್ದರು. ಕೊನೆಯಲ್ಲಿ, ಮೇಜಿನ ಮೇಲಿದ್ದ ಸತ್ಕಾರದ ಬುಟ್ಟಿಯಿಂದ ಒಂದು ಹಿಡಿ ಮನುಕ ಎತ್ತಿ ಹಿಡಿದರು.

"ಗಡಿಯಲ್ಲಿ ಸೈನಿಕ ಮಾತ್ರ ನಿಂತಿಲ್ಲ. ಅಂಗಡಿಯ ಮುಂದೆ ನಿಂತ ಗ್ರಾಹಕನೂ ಸೈನಿಕನೇ. ವೈರಿಯ ಸರಕು ಬಿಡಿ, ಇದನ್ನು ತಿನ್ನಿ. ಇದು ನಿಮ್ಮ ಮಣ್ಣಿನ ರುಚಿ!"

ಭಾರಿ ಚಪ್ಪಾಳೆ. ಪ್ರಾಂಶುಪಾಲರು ಎದ್ದು ನಿಂತು ತಟ್ಟಿದರು. ನಾನೂ ತಟ್ಟಿದೆ.

ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಕೈ ಎತ್ತಿದ್ದು ಅವಳೊಬ್ಬಳೇ. ಮೈಕು ಕೊಡುವುದರೊಳಗೆ ಮಾತು ಶುರು ಮಾಡಿದ್ದಳು. ಬಯಲಲ್ಲಿ ಕುರಿ ಕರೆದ ದನಿಗೆ ಮೈಕು ಬೇಕಿರಲಿಲ್ಲ.

"ಸರ, ನಿಮ್ಮ ಕೈಯಾಗಿಂದು ನಮ್ಮ ಮಣ್ಣಿಂದಲ್ರಿ. ಅದು ಚೀನಾದ ಮನುಕ. ನಾ ಶೆಡ್ಡಿನ್ಯಾಗ ಆರಿಸಾಕ ಹೋಗ್ತೇನಿ, ನಂಗ ಗೊತ್ತಾಗ್ತೈತಿ. ನೀವು ದೊಡ್ಡವ್ರು, ನಿಮಗ ಗೊತ್ತಾಗ್ಲಿಲ್ಲ. ಅಂಗಡ್ಯಾಂವಗ ಗೊತ್ತೈತಿ, ಅಂವ ಹೇಳಂಗಿಲ್ಲ. ಹಂಗಾದ್ರ ಆ ಅಂಗಡಿ ಮುಂದಿನ ಸೈನಿಕ ಹೆಂಗ ಕಾಯಬೇಕ್ರಿ?"

ಯಾರೋ ನಕ್ಕರು. ತಜ್ಞರ ಮುಷ್ಟಿ ಇನ್ನೂ ಎತ್ತಿದಂತೆಯೇ ಇತ್ತು. ಅದನ್ನು ಇಳಿಸುವುದೋ, ಬಾಯಿಗೆ ಹಾಕಿಕೊಳ್ಳುವುದೋ ಅವರಿಗೆ ತಿಳಿಯಲಿಲ್ಲ.

"ಇನ್ನೊಂದ್ರಿ," ಎಂದಳು. "ಹರೇದವ್ರು ಬಾಳ ಅದಾರ, ಅದಕ್ಕ ನಮ್ಮ ದೇಶಕ್ಕ ಬಲ ಬರ್ತೈತಿ ಅಂದ್ರಿ. ನಮ್ಮಣ್ಣ ಮೂರು ಸಲ ಭರ್ತಿಗಿ ಓಡಿ ಬಂದಾನ. ಈಗ ಕುರಿ ಹಿಂದ ಓಡ್ತಾನ. ಅಂವನೂ ಆ ಲೆಕ್ಕದಾಗ ಬರ್ತಾನೇನ್ರಿ?"

ತಜ್ಞರು, "ಒಳ್ಳೆಯ ಪ್ರಶ್ನೆ. ಇಲ್ಲಿ ಮುಖ್ಯವಾದದ್ದು ಕೌಶಲ್ಯ ಅಭಿವೃದ್ಧಿ," ಎಂದು ಆರಂಭಿಸಿದರು.

"ಕೌಶಲ್ಯ ಐತ್ರಿ ಅಂವಗ. ಕುರಿ ಮುಖ ನೋಡಿ ಏನ ಜಡ್ಡು ಅಂತ ಹೇಳ್ತಾನ."

ಅಷ್ಟರಲ್ಲಿ ಪ್ರಾಂಶುಪಾಲರು ಮೈಕು ಕಸಿದು ವಂದನಾರ್ಪಣೆ ಘೋಷಿಸಿದರು. ವಂದಿಸಬೇಕಾದವಳು ನಾನು. ಹೋಗಿ ನಿಂತೆ. ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕಾರ್ಯಕ್ರಮಕ್ಕೆ ಮೊದಲೇ ನನಗೂ ಹೇಳಿದ್ದೆ ಎಂದು ಅವಳು ಬಾಯಿ ಬಿಡಲಿಲ್ಲ. ನಾನು ಅತಿಥಿಗಳಿಗೆ, ದಾನಿಗಳಿಗೆ, ಶಾಮಿಯಾನದವನಿಗೆ, ಕೊನೆಗೆ ವಿದ್ಯುತ್ ಇಲಾಖೆಗೂ ವಂದಿಸಿದೆ. ಅವಳನ್ನು ಬಿಟ್ಟು ಯಾರನ್ನೂ ಬಿಡಲಿಲ್ಲ.

ಮರುದಿನ ಪ್ರಾಂಶುಪಾಲರು, "ಹುಡುಗಿ ಕಡಿಂದ ಕ್ಷಮಾಪಣೆ ಪತ್ರ ಬರಸ್ರಿ. ಇಲ್ಲಾಂದ್ರ ಹಾಲ್ ಟಿಕೆಟ್ ಕೊಡಂಗಿಲ್ಲ," ಎಂದರು. ನಾನು ವಾದ ಮಾಡಿದೆ ಎಂದು ಬರೆಯಬೇಕೆನ್ನಿಸುತ್ತದೆ. ಮಾಡಲಿಲ್ಲ. "ಆಯ್ತು ಸರ್" ಎಂದು ಬಂದು ಪತ್ರವನ್ನು ನಾನೇ ಬರೆದುಕೊಟ್ಟೆ: 'ನನ್ನ ಅಜ್ಞಾನದಿಂದ ಗಣ್ಯರಿಗೆ ಅನುಚಿತ ಪ್ರಶ್ನೆ ಕೇಳಿರುತ್ತೇನೆ.'

ಅವಳು ಎರಡು ಸಲ ಓದಿದಳು. "ಅಜ್ಞಾನ ಅಂತ ಯಾಕ ಬರದ್ರಿ ಮೇಡಮ್? ಗೊತ್ತಿದ್ದದ್ದನ್ನ ಕೇಳೇನಿ."

"ಅದೊಂದು ಶಬ್ದ ಅಷ್ಟೇ. ಹಾಗೆ ಬರೆಯೋದು ಪದ್ಧತಿ."

"ಹಂಗಾದ್ರ ಆ ಶಬ್ದ ನೀವ ಇಟ್ಕೋರಿ," ಎಂದಳು. ಸಿಟ್ಟಿನಿಂದಲ್ಲ, ಅಂಗಡಿಯವನಿಗೆ ಹರಿದ ನೋಟು ಹಿಂತಿರುಗಿಸುವ ದನಿಯಲ್ಲಿ. ಬೇರೆ ಹಾಳೆ ತೆಗೆದುಕೊಂಡು ತಾನೇ ಬರೆದಳು: 'ನಾನು ಪ್ರಶ್ನೆಯನ್ನು ಜೋರಾಗಿ ಕೇಳಿದೆನು. ಮುಂದೆ ಸಾವಕಾಶವಾಗಿ ಕೇಳುತ್ತೇನೆ.' ಪ್ರಾಂಶುಪಾಲರು ಓದದೆಯೇ ಫೈಲಿಗೆ ಹಾಕಿದರು. ನಾನು ಸಂಕಿರಣದ ವರದಿ ಬರೆದು ನೋಟಿಸ್ ಬೋರ್ಡಿಗೂ ಹಚ್ಚಿದೆ: 'ವಿದ್ಯಾರ್ಥಿಗಳೊಂದಿಗೆ ಉತ್ಸಾಹಭರಿತ ಸಂವಾದ ನಡೆಯಿತು.' ದರ್ಜೆಯ ತಂಡ ಬಂದು ಫೋಟೋಗಳನ್ನು ಎಣಿಸಿತು, ಕುಡಿಯುವ ನೀರಿನ ನಲ್ಲಿ ತಿರುವಿ ನೋಡಿತು, ಹಿಂದಿನ ದರ್ಜೆಯನ್ನೇ ಕೊಟ್ಟು ಹೋಯಿತು.

ಕೆಲವು ತಿಂಗಳ ಮೇಲೆ ಪ್ರಾಂಶುಪಾಲರು ನಮ್ಮ ಸಿಬ್ಬಂದಿಯ ವಾಟ್ಸಪ್ಪಿನಲ್ಲಿ ಒಂದು ವಿಡಿಯೋ ಹಾಕಿದರು: 'ನಮ್ಮ ಅತಿಥಿಗಳು ನಮ್ಮ ಊರಿನ ಪ್ರಸ್ತಾಪ ಮಾಡಿದ್ದಾರೆ, ಹೆಮ್ಮೆಯ ವಿಷಯ.' ಟೀವಿಯಲ್ಲಿ ತಜ್ಞರು ಅದೇ ನಕಾಶೆಯ ಮುಂದೆ ನಿಂತಿದ್ದರು. "ಒಂದು ಸಣ್ಣ ಊರಿಗೆ ಭಾಷಣಕ್ಕೆ ಹೋಗಿದ್ದೆ. ನನಗೊಂದು ಬುಟ್ಟಿ ಒಣದ್ರಾಕ್ಷಿ ಕೊಟ್ಟರು. ಕೈಗೆತ್ತಿಕೊಂಡ ತಕ್ಷಣ ಹೇಳಿದೆ, ಇದು ನಿಮ್ಮದಲ್ಲ! ನೋಡಿ, ತುದಿಯಲ್ಲಿ ಕಡ್ಡಿಯ ಗುರುತಿಲ್ಲ. ಇಡೀ ಸಭೆ ಬೆರಗಾಯಿತು."

ಕಡ್ಡಿಯ ಗುರುತಿನ ಮಾತು ಅವಳು ಸಭೆಯಲ್ಲಿ ಹೇಳಿರಲಿಲ್ಲ. ಸಂಕಿರಣದ ದಿನ ಊಟದ ಹೊತ್ತಿಗೆ, ಅವಳಿಗೆ ಅದು ಹೇಗೆ ಗೊತ್ತಾಯಿತೆಂದು ಕುತೂಹಲ ತಡೆಯದೆ ತಜ್ಞರು ನನ್ನನ್ನು ಕೇಳಿದ್ದರು. ನಾನೇ ಬಿಡಿಸಿ ಹೇಳಿದ್ದೆ. ಸಿಬ್ಬಂದಿಯೆಲ್ಲ ವಿಡಿಯೋಕ್ಕೆ ಹೆಬ್ಬೆರಳು ಒತ್ತಿದರು. ನಾನೂ ಒತ್ತಿದೆ.

ಹೋದ ವರ್ಷ ಪರೀಕ್ಷಾ ಕೆಲಸಕ್ಕೆ ಸಿಂದಗಿಗೆ ಹೋದಾಗ ಬಸ್ ನಿಲ್ದಾಣದಲ್ಲಿ ಅವಳೇ ನನ್ನನ್ನು ಗುರುತಿಸಿದಳು. ಸ್ಪರ್ಧಾತ್ಮಕ ಪರೀಕ್ಷೆ ಪಾಸಾಗಿ ಅಲ್ಲೇ ಸರಕಾರಿ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಕೊರಳಿಗೆ ಗುರುತಿನ ಚೀಟಿ. ನನಗೆ ಖುಷಿಯಾಯಿತು, ಜೊತೆಗೆ ಓಡಿಹೋಗಬೇಕೆಂದೂ ಅನ್ನಿಸಿತು. ಚಹಾ ಕುಡಿಯುತ್ತ ಆ ವಿಡಿಯೋ ತೋರಿಸಿದೆ. ಪೂರ್ತಿ ನೋಡಿ ನಕ್ಕಳು.

"ಅವರ ಬಾಯಾಗ ಛಂದ ಕೇಳಸ್ತೈತ್ರಿ. ನಾ ಹೇಳಿದ್ರ ಜಗಳ ಆಡಿದಂಗ ಇರ್ತೈತಿ."

ಅದಕ್ಕಿಂತ ದೊಡ್ಡ ತಮಾಷೆ ಬೇರೆ ಇತ್ತಂತೆ. ಅವಳು ಬರೆದ ಪರೀಕ್ಷೆಯಲ್ಲಿ ಏಷ್ಯಾದ ಉದಯದಲ್ಲಿ ಯುವಜನರ ಪಾತ್ರ ಎಂಬ ಪ್ರಬಂಧ ಕೇಳಿದ್ದರು.

"ಏನು ಬರೆದೆ?"

"ಆ ಸರ್ ಹೇಳಿದ್ದನ್ನ ಎಲ್ಲಾ ಬರದ್ನಿರಿ. ಲಾಭಾಂಶ, ಕೌಶಲ್ಯ, ನೆರೆಯ ದೇಶದ ಮುಪ್ಪು. ನೀವು ವರದಿ ಬರದಂಗ ಬರದ್ನಿ. ಬಾಳ ಮಾರ್ಕ್ಸ್ ಬಂದಾವು."

ಅವಳ ಮುಖದಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಬಸಿಗೆ ಚೆಲ್ಲಿದ್ದ ಚಹಾವನ್ನು ಮತ್ತೆ ಕಪ್ಪಿಗೆ ಸುರಿಯುತ್ತ ಕುಳಿತೆ. ಮಾತು ಬದಲಿಸಲು, ಈಗ ಕೆಲಸ ಏನು ಎಂದು ಕೇಳಿದೆ.

"ಮನಿ ಮನಿ ತಿರುಗಿ ಹೆಸರು, ವಯಸ್ಸು ಬರಕೋಳೋದ್ರಿ. ಹಳ್ಳ್ಯಾಗ ಲಗ್ನ ಆಗದ ಗಂಡಸ್ರು ಒಬ್ಬರಿಗೂ ಮೂವತ್ತು ದಾಟಿಲ್ಲ. ತಲಿ ಬೆಳ್ಳಗಾಗೈತಿ, 'ಇಪ್ಪತ್ತೆಂಟು ಬರೀರಿ ಮೇಡಮ್ಮಾರ' ಅಂತಾರ. ಹೆಣ್ಣು ನೋಡಾಕತ್ತಾರ, ಯಾರೂ ಕೊಡವಲ್ರು."

"ಮತ್ತೆ ಏನು ಬರೆಯುತ್ತಿ?"

"ಕಾಗದ ನೋಡಿ ಖರೇನ ಬರಿತೇನ್ರಿ. ಆದ್ರ ಬರದದ್ದನ್ನ ಓದಿ ಹೇಳೂಮುಂದ ಇಪ್ಪತ್ತೆಂಟು ಅಂತ ಓದ್ತೇನಿ. ಹೊರಗ ಮಂದಿ ನಿಂತು ಕೇಳ್ತಿರ್ತಾರ, ಪಾಪ."

ಇಂಡಿಯ ಬಸ್ಸು ಬಂತು. ಅವಳು ಚೀಲ ಎತ್ತಿಕೊಂಡು, ಇಳಿಯುವವರಿಗೆ ದಾರಿ ಬಿಡದೆ ನುಗ್ಗುತ್ತಿದ್ದ ಒಬ್ಬ ದಢೂತಿ ಮನುಷ್ಯನಿಗೆ "ಸ್ವಲ್ಪ ತಡೀರಿ ಯಜಮಾನ್ರ, ಬಸ್ಸೇನು ಓಡಿ ಹೋಗಂಗಿಲ್ಲ" ಎಂದು, ಅಂದು ಪತ್ರದಲ್ಲಿ ಬರೆದಿದ್ದಂತೆ, ಸಾವಕಾಶವಾಗಿ ಹೇಳಿದಳು. ಅವನು ತಡೆದ. ಅವಳು ಹತ್ತಿಕೊಂಡಳು.